ತಾಟು ತೊಳೆದ ನೀರು

ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ಬಾಯಿಬಿಟ್ಟು ಮಾತಾಡಿದರೆ ಅವರ ಊಟ ಮುಗಿಯಿತು ಎಂದೇ ಅರ್ಥ. ತಾಟಿನಲ್ಲಿ ಇದ್ದಷ್ಟನ್ನು ತಿಂದು ಏಳಬೇಕು, ಮತ್ತೆ ಬಡಿಸಿಕೊಳ್ಳುವಂತಿಲ್ಲ. ಇದು ಮುತ್ಯಾನ, ಅಂದರೆ ನಮ್ಮ ಅಪ್ಪನ ಅಪ್ಪನ ಕಾನೂನು. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನಮ್ಮದು ಒಂದರ ಹಿಂದೆ ಒಂದು ಮೂರು ಕೋಣೆಗಳ ಮನೆ. ಮುಂದಿನ ಕೋಣೆಯಲ್ಲಿ ಕುಣಿಮಗ್ಗ, ಅದರೊಳಗೆ ಕಾಲು ಇಳಿಬಿಟ್ಟು ಕೂತ ಅಪ್ಪ. ನಡುವಿನ ಕೋಣೆಯಲ್ಲಿ ಊಟ, ನಿದ್ದೆ, ಜಗಳ. ಹಿಂದೆ ಅವ್ವನ ಅಡುಗೆಮನೆ. ಮಧ್ಯಾಹ್ನ ಓಣಿಯ ಮಗ್ಗಗಳು ಒಂದೊಂದಾಗಿ ನಿಲ್ಲುತ್ತ ಬಂದರೆ ಯಾರ ಮನೆಯಲ್ಲಿ ತಾಟು ಹಾಕಿದ್ದಾರೆ ಎಂದು ಗೊತ್ತಾಗುತ್ತಿತ್ತು. ನಮ್ಮ ಮಗ್ಗ ನಿಂತ ಮೇಲೆ ಕೇಳುತ್ತಿದ್ದದ್ದು ಅವ್ವ ರೊಟ್ಟಿ ತಟ್ಟುವ ಸದ್ದು ಮಾತ್ರ. ಒಮ್ಮೆ ಗದ್ವಾಲದಿಂದ ನಮ್ಮ ಸೋದರಮಾವ ಬಂದ. ಮಾತಿನ ಮಲ್ಲ. ಮೊದಲ ತುತ್ತಿಗೇ "ಅಕ್ಕಾ, ನಿನ್ನ ಕೈ ಪಲ್ಯಾ ಅಂದ್ರ" ಎಂದು ಶುರುಮಾಡಿದ. ಮುತ್ಯಾ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ, ಅಷ್ಟೆ. ಆ ಪುಣ್ಯಾತ್ಮ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹೊಟ್ಟೆ ತುಂಬಿಸಿಕೊಂಡು ಊರಿಗೆ ಹೋದ. ಆಮೇಲೆ ಬಂದಾಗಲೆಲ್ಲ ಹೇಳಬೇಕಾದ್ದನ್ನು ಬಾಗಿಲಲ್ಲೇ ನಿಂತು ಹೇಳಿ ಮುಗಿಸಿ ಒಳಗೆ ಬರುತ್ತಿದ್ದ.

ಮೊಣಕಾಲು ಸೋತು ಮುತ್ಯಾ ಮಗ್ಗ ಬಿಟ್ಟು ವರ್ಷಗಳಾಗಿದ್ದವು. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ರಾಟಿಯ ಮುಂದೆ ಕೂತು ಅಪ್ಪನ ಲಾಳಿಗೆ ನೂಲಿನ ಕಂಡಿಕೆ ಸುತ್ತುವುದು, ಮಧ್ಯಾಹ್ನದ ಊಟ, ಇಷ್ಟೇ ಅವನ ದಿನ. ಮೂರನ್ನೂ ಒಂದೇ ಗತಿಯಲ್ಲಿ ಮಾಡುತ್ತಿದ್ದ. ಅವ್ವ ಅವನಿಗೆ ಒಂದು ಸಲಕ್ಕೆ ಅರ್ಧ ರೊಟ್ಟಿ ಮಾತ್ರ ಹಾಕಬೇಕು. ಬಾಯಲ್ಲಿದ್ದದ್ದು ಹೊಟ್ಟೆಗೆ ಇಳಿಯುವವರೆಗೆ ಅವನ ಕೈ ತಾಟಿನ ಕಡೆ ಹೋಗುತ್ತಿರಲಿಲ್ಲ, ತೊಡೆಯ ಮೇಲೆ ಸುಮ್ಮನೆ ಇರುತ್ತಿತ್ತು. ಊಟ ಮುಗಿದ ಮೇಲೆ ನನ್ನ ಕೆಲಸ. ಆರು ವರ್ಷದವಳಿದ್ದಾಗಿನಿಂದ ಅದು ನನ್ನದೇ. ತಂಬಿಗೆ ತಂದು ಅವನ ತಾಟಿಗೆ ಎರಡು ಗುಟುಕು ನೀರು ಹಾಕಬೇಕು. ಅವನು ಒಂದು ಬೆರಳಿನಿಂದ ತಾಟಿನ ಅಂಚನ್ನೆಲ್ಲ ಸವರಿ, ಅಂಟಿಕೊಂಡ ಪಲ್ಯವನ್ನೆಲ್ಲ ಆ ನೀರಿಗೆ ಬಿಡಿಸಿ, ತಾಟನ್ನು ಎತ್ತಿ ಕುಡಿಯುತ್ತಿದ್ದ. ಇನ್ನೊಮ್ಮೆ ನೀರು, ಇನ್ನೊಮ್ಮೆ ಕುಡಿಯುವುದು. ಕೊನೆಗೆ ಅಂಗೈಯಿಂದ ಒರೆಸಿ ತಾಟನ್ನು ಒಣಗಿಸಿ ಇಡುತ್ತಿದ್ದ. ಉಂಡದ್ದು ಪ್ರಸಾದ, ಅದರ ಒಂದು ಕಣವೂ ಬಚ್ಚಲಿಗೆ ಹೋಗಬಾರದು. ನಾವೆಲ್ಲರೂ ಹಾಗೆಯೇ ಮಾಡುತ್ತಿದ್ದೆವು. ಆ ನೀರು ಸ್ವಲ್ಪ ಉಪ್ಪು, ಸ್ವಲ್ಪ ಪುಂಡಿ ಸೊಪ್ಪಿನ ಹುಳಿ, ತಳದಲ್ಲಿ ರೊಟ್ಟಿಯ ಹಿಟ್ಟು.

ತಾಟು ಒಣಗಿದ ಮೇಲೆ ಬಾಯಿಗೆ ಬಿಡುಗಡೆ. ಮುತ್ಯಾ ಗೋಡೆಗೆ ಒರಗಿ ನನ್ನ ಪರೀಕ್ಷೆ ಮಾಡುತ್ತಿದ್ದ.

"ಗುರವ್ವಾ, ಇವತ್ತ ಪುಂಡಿಪಲ್ಯಾದಾಗ ನಿನಗ ಎಷ್ಟು ಬಳ್ಳೊಳ್ಳಿ ಬಂದ್ವು?"

"ಮೂರು, ಮುತ್ಯಾ."

"ರೊಟ್ಟಿ ಎಲ್ಲಿ ಸುಟ್ಟಿತ್ತು?"

"ಅಂಚಿಗೆ. ಒಂದೇ ಕಡಿ."

"ಹಂಗಾರ ಉಂಡೀ ನೀ."

ಬೆಳ್ಳುಳ್ಳಿ ಎಸಳಿನ ಲೆಕ್ಕ ತಪ್ಪು ಹೇಳಿದರೆ "ಹೊಟ್ಟಿ ತುಂಬೈತಿ, ಉಂಡಿಲ್ಲ ಬಿಡು" ಎಂದು ನಗುತ್ತಿದ್ದ. ಕೈಯಲ್ಲಿರುವುದು ಲಿಂಗವಾದರೂ ಒಂದೇ, ತಾಟಿನಲ್ಲಿರುವುದು ರೊಟ್ಟಿಯಾದರೂ ಒಂದೇ, ನೋಡುವಾಗ ಅದನ್ನೇ ನೋಡಬೇಕು ಎಂಬುದು ಅವನ ಮಾತು. ಅದಕ್ಕಿಂತ ಹೆಚ್ಚಿನ ಉಪದೇಶ ಅವನ ಬಾಯಿಂದ ನಾನು ಕೇಳಿಲ್ಲ. ಮನೆಯಲ್ಲಿ ನನ್ನನ್ನು ಇಷ್ಟು ಗಂಭೀರವಾಗಿ ಪ್ರಶ್ನೆ ಕೇಳುವವರು ಬೇರೆ ಯಾರೂ ಇರಲಿಲ್ಲ. ಅಪ್ಪ ಕೇಳಿದರೆ ನೂಲು ಎಲ್ಲಿಟ್ಟೆ ಎಂದು ಕೇಳುತ್ತಿದ್ದ. ಈಗ ಹೈದರಾಬಾದಿನಲ್ಲಿ ಗಮನವಿಟ್ಟು ಉಣ್ಣುವುದನ್ನು ಕಲಿಸುವ ತರಗತಿಗಳಿವೆ. ಆಫೀಸಿನವರು ನಮ್ಮನ್ನೂ ಒಮ್ಮೆ ಕೂರಿಸಿದರು. ಒಂದೇ ಒಂದು ಒಣದ್ರಾಕ್ಷಿಯನ್ನು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಬೇಕು. ನನಗೆ ಅಳು ಬಂತು. ಕಲಿಸುವಾಕೆ ಬೆನ್ನು ಸವರಿ, ಇದು ಒಳ್ಳೆಯ ಲಕ್ಷಣ, ಒಳಗಿನ ಒತ್ತಡ ಹೊರಗೆ ಬರುತ್ತಿದೆ ಅಂದಳು. ಒತ್ತಡವೂ ಇಲ್ಲ, ಮಣ್ಣೂ ಇಲ್ಲ. ನನಗೆ ಮುತ್ಯಾ ನೆನಪಾಗಿದ್ದ. ಅವನು ಹೋಗಿ ಎಷ್ಟೋ ವರ್ಷಗಳಾದವು. ಊಟದ ಹೊತ್ತಿನಲ್ಲಿ ಅವನು ಬೇಕು ಅನ್ನಿಸುವಷ್ಟು ಬೇರೆ ಯಾವ ಹೊತ್ತಿನಲ್ಲೂ ಅನ್ನಿಸುವುದಿಲ್ಲ.

ಆದರೆ ಆಗ ಹನ್ನೆರಡು ವರ್ಷದ ನನಗೆ ಮನೆಗಿಂತ ಶಾಲೆ ದೊಡ್ಡದಾಗತೊಡಗಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ತೆಲುಗು ನನಗೆ ನೀರು ಕುಡಿದಷ್ಟು ಸಲೀಸು, ಆದರೂ ನಡುವೆ ಎಲ್ಲೋ ಒಂದು "ಐತಿ" ಜಾರಿಬಿದ್ದರೆ ಸಾಕು, ಹಿಂದಿನ ಬೆಂಚಿನವರು ಇಡೀ ದಿನ ಐತಿ, ಐತಿ ಎಂದು ರಾಗ ಎಳೆಯುತ್ತಿದ್ದರು. ಸ್ವಪ್ನ ಎಂಬ ಹುಡುಗಿ ನನ್ನನ್ನು ತನ್ನ ಬೆಂಚಿಗೆ ಕರೆದುಕೊಂಡ ಮೇಲೆ ಅದು ನಿಂತಿತು. ಅವಳು ಮೇಷ್ಟರ ಮಗಳು. ಕೂದಲಿಗೆ ದಿನಕ್ಕೊಂದು ಬಣ್ಣದ ರಿಬ್ಬನ್, ಡಬ್ಬಿಯಲ್ಲಿ ಬಿಳಿ ಅನ್ನ. ಅವಳ ಪಕ್ಕದಲ್ಲಿ ಕೂತಾಗ ನಾನು ಡಬ್ಬಿಗೆ ನೀರು ಹಾಕಿ ಕುಡಿಯುವುದನ್ನು ಬಿಟ್ಟೆ. ಎಲ್ಲರಂತೆ ನಲ್ಲಿಯ ಕೆಳಗೆ ಹಿಡಿದು ಚೆಲ್ಲಿಬಿಡುತ್ತಿದ್ದೆ. ಮೊದಲ ದಿನ ಆಚೀಚೆ ನೋಡಿ ಚೆಲ್ಲಿದೆ, ಎರಡನೆಯ ದಿನ ಏನೂ ಅನ್ನಿಸಲಿಲ್ಲ. ಮನೆಯಲ್ಲಿ ಹೇಳಲಿಲ್ಲ.

ಅದೇ ವರ್ಷ ಹೈದರಾಬಾದ್ ಸೀಮೆಯ ನಮ್ಮ ಜಿಲ್ಲೆಗಳಿಗೆ ಬೇರೆ ರಾಜ್ಯ ಬೇಕೆಂಬ ಕೂಗು ಜೋರಾಯಿತು. ಬಸ್ಸುಗಳು ನಿಂತವು, ಶಾಲೆಗೆ ಬೀಗ ಬಿತ್ತು. ಅಪ್ಪ ಮಗ್ಗಕ್ಕಿಂತ ಚೌಕದಲ್ಲೇ ಹೆಚ್ಚು ಹೊತ್ತು ಇರತೊಡಗಿದ. ಒಂದು ಮಧ್ಯಾಹ್ನ ಅವನು ಎರಡು ತುತ್ತು ಉಂಡಿರಬೇಕು, ಹೊರಗಿನಿಂದ ಯಾರೋ ಕರೆದರು. ತಾಟು ಹಾಗೇ ಬಿಟ್ಟು ಅಂಗಿ ಹಾಕಿಕೊಳ್ಳುತ್ತಲೇ ಓಡಿದ. ನಮ್ಮ ಮನೆಯಲ್ಲಿ ಅಂಥದ್ದು ನಡೆದದ್ದೇ ಇಲ್ಲ. ಅವ್ವ ಮುಖ ಸಣ್ಣದು ಮಾಡಿಕೊಂಡು ನಿಂತಳು. ಮುತ್ಯಾ ತನ್ನ ಊಟ ಮುಗಿಸಿ, ಮಗನ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಅದರ ಪಕ್ಕದಲ್ಲೇ ಕೂತ. ರಾಟಿಗೂ ಹೋಗಲಿಲ್ಲ. ಅಪ್ಪ ಬಂದದ್ದು ಇಳಿಹೊತ್ತಿಗೆ.

"ಅಲ್ಲಿ ರಾಜ್ಯ ಬರಾಕ ಹತ್ತೈತಿ, ಇಲ್ಲಿ ನೀ ರೊಟ್ಟಿ ಕಾಯಾಕ ಕುಂತಿಯೇನು?" ಎಂದ ಅಪ್ಪ.

"ರಾಜ್ಯ ಬರ್ಲಿ, ಯಾರು ಬ್ಯಾಡಂದ್ರು. ತಾಟಿನಾಗ ಬಿಟ್ಟದ್ದು ಉಣ್ಣು."

"ಊರಿಗೆ ಊರೇ ರೋಡಿನ್ಯಾಗ ಕುಂತು ಉಣ್ಣಾಕತ್ತೈತಿ. ನೀ ಒಬ್ಬಾಂವ ಬಾಗಲಾ ಹಾಕ್ಕೊಂಡು ಉಣ್ಣಾಂವ. ನಿನ್ನ ಪ್ರಸಾದ ನಿನಗೊಬ್ಬನಿಗೇ ಏನು?"

ಮುತ್ಯಾ ಮೇಲೆ ಮುಚ್ಚಿದ್ದ ತಾಟು ತೆಗೆದ. ಅಪ್ಪ ಗೊಣಗುತ್ತಲೇ ಒಣಗಿದ ರೊಟ್ಟಿ ತಿಂದು, ತಾಟಿಗೆ ನೀರು ಹಾಕಿಕೊಂಡು ಕುಡಿದ. ಅವನು ಹೇಳಿದ್ದು ಸುಳ್ಳಲ್ಲ. ರಸ್ತೆಯ ಮೇಲೆ ಒಲೆ ಹೂಡಿ, ಅಲ್ಲೇ ಅಡುಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು ಆ ಹೋರಾಟದ ಒಂದು ರೀತಿ. ತೆಲುಗಿನಲ್ಲಿ ವಂಟಾ ವಾರ್ಪು ಅನ್ನುತ್ತಿದ್ದರು. ಮಕ್ತಲ್ ರಸ್ತೆಯಲ್ಲಿ ಅಂಥದೊಂದು ಊಟ ಗೊತ್ತಾಗಿತ್ತು, ನಮ್ಮ ಓಣಿಯಿಂದ ರೊಟ್ಟಿ ಮತ್ತು ಪುಂಡಿಪಲ್ಯ ಹೋಗಬೇಕಿತ್ತು. ಅವ್ವ ಹಿಟ್ಟು ಸಾಣಿಸುತ್ತ ಕೂತಿದ್ದಾಗ ಮುತ್ಯಾ ಅಡುಗೆಮನೆಯ ಬಾಗಿಲಿಗೆ ಬಂದ.

"ನಾಳಿ ನಾನೂ ಬರ್ತೀನಿ. ನನ್ನ ತಾಟು ತಗೋ."

"ಮಾವಾರ, ಅಲ್ಲಿ ಗದ್ದಲ ಇರ್ತೈತ್ರಿ. ಕೂಗಾಡ್ತಾರ. ಹೆಂಗ ಉಣ್ತೀರಿ?"

"ಗದ್ದಲ ಅವರದು, ಬಾಯಿ ನಂದು." ಆಮೇಲೆ ನನ್ನ ಕಡೆ ತಿರುಗಿದ. "ಗುರವ್ವಾ, ನೀ ತಂಬಿಗಿ ಹಿಡಕೊಂಡು ನನ್ನ ಬಾಜೂಕ ಇರು. ಹೊರಗ ಉಂಡು ರೂಢಿ ಇಲ್ಲ ನನಗ. ನೀ ಇದ್ರ ಮನ್ಯಾಗ ಕುಂತಂಗ ಆಗ್ತೈತಿ."

ಇರುತ್ತೇನೆ ಎಂದೆ. ಅವನು ಮನೆಯ ಹೊರಗೆ ಉಂಡದ್ದನ್ನು ನಾನಂತೂ ಕಂಡಿರಲಿಲ್ಲ, ಅವ್ವನೂ ಕಂಡಿರಲಿಲ್ಲ. ಮರುದಿನ ಅವನು ಪೂಜೆ ಮುಗಿಸಿ, ಒಗೆದ ಧೋತರ ಉಟ್ಟು, ಹಣೆಗೆ ವಿಭೂತಿ ಧರಿಸಿ, ಮದುವೆಗೆ ಹೊರಟವನ ಹಾಗೆ ನಡೆದ. ಮೊಣಕಾಲಿಗಾಗಿ ಎರಡು ಕಡೆ ನಿಂತ. ರಸ್ತೆಯ ಉದ್ದಕ್ಕೂ ಕಲ್ಲಿನ ಒಲೆಗಳು, ದೊಡ್ಡ ದೊಡ್ಡ ಹಂಡೆಗಳಲ್ಲಿ ಅನ್ನ, ಡೊಳ್ಳು, ಹಾಡು, ಹೊಗೆ. ಅಪ್ಪ ತನ್ನ ಗೆಳೆಯರಿಗೆಲ್ಲ ನಮ್ಮಪ್ಪ ಬಂದಾನ ನೋಡ್ರಿ ಎಂದು ತೋರಿಸುತ್ತ ಓಡಾಡಿದ. ಅವನ ಮುಖದಲ್ಲಿ ಅಂಥ ಸಂತೋಷ ಮತ್ತೆ ನಾನು ಕಂಡದ್ದು ರಾಜ್ಯ ಬಂದ ದಿನವೇ. ಮುತ್ಯಾ ಡಾಂಬರಿನ ಮೇಲೆ ಹಾಸಿದ ಚೀಲದ ಮೇಲೆ ಕೂತು, ತನ್ನ ತಾಟನ್ನು ಮುಂದಿಟ್ಟುಕೊಂಡು, ಕಣ್ಣು ತಗ್ಗಿಸಿ ಉಣ್ಣತೊಡಗಿದ. ಸುತ್ತ ಅಷ್ಟು ಗಲಾಟೆ ಇದ್ದರೂ ಅವನ ಕೈ ತೊಡೆಯ ಮೇಲೆ ಕಾಯುತ್ತಿತ್ತು, ಬಾಯಿ ಖಾಲಿಯಾದ ಮೇಲೆಯೇ ಏಳುತ್ತಿತ್ತು. ನಾನು ಪಕ್ಕದಲ್ಲಿ ತಂಬಿಗೆ ಹಿಡಿದು ಕೂತಿದ್ದೆ. ಆಗ ಸ್ವಪ್ನ ಇನ್ನಿಬ್ಬರು ಹುಡುಗಿಯರ ಜೊತೆ ಬಂದಳು. ಬಾ ಎಂದು ಕೈ ಹಿಡಿದು ಎಳೆದಳು. ತಂಬಿಗೆಯನ್ನು ಮುತ್ಯಾನ ಪಕ್ಕದಲ್ಲಿ ಇಟ್ಟು ಎದ್ದೆ. ಇಲ್ಲೇ ನಾಲ್ಕು ಹೆಜ್ಜೆ, ಅವನು ಮುಗಿಸುವಷ್ಟರಲ್ಲಿ ಬರುತ್ತೇನೆ ಅಂದುಕೊಂಡೆ.

ಮುತ್ಯಾ ಮುಗಿಸಿದ. ಪಕ್ಕದಲ್ಲಿದ್ದ ತಂಬಿಗೆಯನ್ನು ಮುಟ್ಟಲಿಲ್ಲ, ಅದು ನನ್ನ ಕೆಲಸ. ತಾಟಿಗೆ ನೀರು ಬೀಳುವವರೆಗೆ ಊಟ ಮುಗಿದಂತಲ್ಲ, ಹಾಗಾಗಿ ಬಾಯಿಬಿಟ್ಟು ಕರೆಯುವಂತಿಲ್ಲ. ತಾಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಸುತ್ತ ನೋಡಿದ. ಅವನ ಕಣ್ಣು ನನ್ನನ್ನು ಹುಡುಕಿ ಹಿಡಿಯಿತು. ನಾನು ನೋಡಿದೆ. ನೋಡಿ, ಸ್ವಪ್ನಳ ರಿಬ್ಬನ್ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದೆ. ಈ ಹುಡುಗಿಯರ ಕಣ್ಣೆದುರಿಗೆ ಅವನು ತಾಟು ತೊಳೆದ ನೀರು ಕುಡಿಯುವುದು, ನಾನು ಅದನ್ನು ಹಾಕಿಕೊಡುವುದು, ನನ್ನಿಂದ ಆಗಲಿಲ್ಲ. ಸಾಲಿನವರೆಲ್ಲ ಎದ್ದರು. ಎಲೆ ಎತ್ತುವವರು ಬಂದು, ಏಳು ತಾತಾ, ಎಂದರು. ಅವನು ಏಳಲಿಲ್ಲ, ತಾಟು ಹಿಡಿದೇ ಕೂತಿದ್ದ. ಸ್ವಪ್ನ ಒಳ್ಳೆಯ ಹುಡುಗಿ. ಪಾಪ, ಆ ತಾತನಿಗೆ ಕೈ ತೊಳೆಯಲು ಯಾರೂ ನೀರು ಕೊಟ್ಟಿಲ್ಲ ಎಂದುಕೊಂಡು ಹೋಗಿ, ತಂಬಿಗೆ ಎತ್ತಿ ತಾಟಿಗೆ ನೀರು ಹಾಕಿದಳು. ಮುತ್ಯಾ ಅವಳಿಗೆ ತಲೆಬಾಗಿ, ಬೆರಳಿನಿಂದ ಅಂಚು ಸವರಿ, ಎತ್ತಿ ಕುಡಿದ. ಸ್ವಪ್ನ ತಂಬಿಗೆಯನ್ನು ಅಲ್ಲೇ ಇಟ್ಟು ಓಡಿಬಂದಳು.

"ಛೀ, ಎಂಗಿಲಿ ನೀಳ್ಳು ತಾಗಿಂಡೇ. ಎವರೇ ಆಯನ? ಮೀ ತಾತನಾ?"

ಎಂಜಲು ನೀರು ಕುಡಿದ, ಯಾರೇ ಅವನು, ನಿಮ್ಮ ತಾತನಾ? ಉಳಿದಿಬ್ಬರು ಮೂಗು ಮುಚ್ಚಿಕೊಂಡು ನಗುತ್ತಿದ್ದರು.

"ಕಾದು," ಎಂದೆ. "ಪಕ್ಕಿಂಟಾಯನ."

ಅಲ್ಲ, ಪಕ್ಕದ ಮನೆಯವನು. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವೂ ಇರಲಿಲ್ಲ. ಮೊನ್ನೆ ಸ್ವಪ್ನಳ ಜೊತೆ ಫೋನಿನಲ್ಲಿ ಮಾತಾಡುತ್ತ ಆ ದಿನದ ಮಾತು ತೆಗೆದೆ. ಅವಳಿಗೆ ನೆನಪೇ ಇಲ್ಲ. ಯಾವ ತಾತ ಎಂದು ಕೇಳಿದಳು. ನಾಚಿಕೆಯೆಲ್ಲ ನನ್ನೊಬ್ಬಳದೇ ಆಗಿತ್ತು ಎಂದು ತಿಳಿಯಲು ಇಷ್ಟು ವರ್ಷ ಹಿಡಿಯಿತು.

ಮುತ್ಯಾನಿಗೆ ಕೇಳಿಸಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅಪ್ಪನ ಹೆಗಲು ಹಿಡಿದು ಮನೆಗೆ ಬಂದ, ಎಂದಿನಂತೆ ಮಾತಾಡಿದ. ಅಲ್ಲಿ ಒಲೆಯ ಬಳಿಯೇ ಇದ್ದ ಅವ್ವ ಹೆಂಗ ಆತ್ರಿ ಊಟ ಎಂದು ಕೇಳಿದ್ದಕ್ಕೆ ಚಲೋ ಆತು, ಮಂದಿ ಭಾಳ ಪ್ರೀತಿಲೆ ನೀಡಿದ್ರು ಎಂದ. ಮರುದಿನ ಊಟ ಮುಗಿಯುವ ಹೊತ್ತಿಗೆ ನಾನು ತಂಬಿಗೆ ತಂದೆ. ಅವನ ಬಲಗಡೆ ಆಗಲೇ ಇನ್ನೊಂದು ತಂಬಿಗೆ ಇತ್ತು. ತಾನೇ ಹಾಕಿಕೊಂಡು ಕುಡಿದು, ತಾಟು ಒರೆಸಿಟ್ಟ ಮೇಲೆ ಹೇಳಿದ.

"ಇನ್ನ ಮ್ಯಾಲ ನಾನೇ ಹಾಕ್ಕೊಂತೀನವಾ. ಓದೋ ಹುಡುಗಿ ನೀ, ನಿನಗ್ಯಾಕ ಇದೆಲ್ಲಾ."

ಗೋಡೆಗೆ ಒರಗಿದ. ನಾನು ಪ್ರಶ್ನೆಗಾಗಿ ಕಾದೆ, ಅವನು ಕೇಳಲಿಲ್ಲ. ಅದರ ಮರುದಿನವೂ ಕೇಳಲಿಲ್ಲ. ಬೈದಿದ್ದರೆ, ಕಪಾಳಕ್ಕೆ ಒಂದು ಕೊಟ್ಟಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಒಂದು ವಾರ ತಡೆದು, ಕೊನೆಗೆ ನಾನೇ ನಾಚಿಕೆ ಬಿಟ್ಟು ಹೇಳಿದೆ.

"ಮುತ್ಯಾ, ನನಗ ಇವತ್ತ ನಾಕು ಬಳ್ಳೊಳ್ಳಿ ಬಂದ್ವು."

"ಹೌದನವಾ? ಚಲೋ ಆತು," ಎಂದು ಎದ್ದು ರಾಟಿಯ ಕಡೆ ಹೋದ.

ಅಲ್ಲಿಂದ ಮುಂದೆ ನಾನು ಏನು ಉಂಡೆ ಎಂಬುದು ನನಗೆ ನೆನಪಿಲ್ಲ. ಕೇಳುವವರೇ ಇಲ್ಲದ ಮೇಲೆ ತಿಂದರೇನು, ಬಿಟ್ಟರೇನು. ಅವನ ಪಕ್ಕದಲ್ಲೇ ಕೂರುತ್ತಿದ್ದೆ, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು, ಆದರೂ ಅವನಿಗಾಗಿ ಹಂಬಲಿಸುತ್ತಿದ್ದೆ. ತಪ್ಪಾಯಿತು ಅನ್ನಬೇಕೆಂದು ಎಷ್ಟು ಸಲ ರಾಟಿಯ ಹತ್ತಿರ ಹೋಗಿ ನಿಂತಿಲ್ಲ. ಅನ್ನುವುದಾದರೆ ಏನೆಂದು ಅನ್ನಬೇಕು, ಅವನಿಗೆ ಕೇಳಿಸಿರದೇ ಇದ್ದರೆ ಸುಮ್ಮನೆ ನಾನೇ ಹೇಳಿ ನೋಯಿಸಿದಂತಾಗುತ್ತದೆ ಎಂದು ಹಿಂದೆ ಬರುತ್ತಿದ್ದೆ.

ಮುಷ್ಕರ ಮುಗಿದು ಶಾಲೆ ತೆರೆಯಿತು. ಒಂದು ಭಾನುವಾರ ಮಧ್ಯಾಹ್ನ, ನಾನೂ ಮುತ್ಯಾನೂ ಆಗಷ್ಟೇ ಊಟಕ್ಕೆ ಕೂತಿದ್ದೆವು, ಬಾಗಿಲಲ್ಲಿ ಸ್ವಪ್ನ. ಸೀರೆ ನೇಯುವುದನ್ನು ನೋಡಬೇಕೆಂದು ಬಂದಿದ್ದಳು. ಅಪ್ಪ ಮನೆಯಲ್ಲಿರಲಿಲ್ಲ. ಮಗ್ಗದ ಕೋಣೆ ದಾಟಿ ನೇರ ನಡುವಿನ ಕೋಣೆಗೆ ಬಂದವಳು ಮುತ್ಯಾನನ್ನು ಕಂಡು ನಿಂತುಬಿಟ್ಟಳು. ಅವನ ತಾಟಿನಲ್ಲಿ ಮೊದಲ ಅರ್ಧ ರೊಟ್ಟಿ. ಅವ್ವ ಬಿಸಿ ರೊಟ್ಟಿ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದಳು. ಸ್ವಪ್ನ ನನ್ನನ್ನು ಕೇಳಿದಳು, ಇವರು ನಿಮ್ಮ ಪಕ್ಕದ ಮನೆಯ ತಾತ ಅಲ್ಲವಾ, ನಿಮ್ಮ ಮನೆಯಲ್ಲಿ ಯಾಕೆ ಉಣ್ಣುತ್ತಿದ್ದಾರೆ. ನಾನು ತಾಟಿನ ಕಡೆ ಬಗ್ಗಿ ರೊಟ್ಟಿ ಮುರಿದೆ. ಅವ್ವ ಏನೂ ಅರ್ಥವಾಗದೆ, ಇವರು ಪಕ್ಕದ ಮನೆಯವರ್ಯಾಕೆ ಆಗುತ್ತಾರೆ ಎನ್ನಲು ಬಾಯಿ ತೆರೆದಳು. ಅವಳಿಗಿಂತ ಮೊದಲು ಮುತ್ಯಾ ಮಾತಾಡಿದ. ಬಾಯಲ್ಲಿ ತುತ್ತು ಇತ್ತು.

"ಅವ್ ಬಿಡ್ಡಾ, ಪಕ್ಕಿಂಟೋನ್ನೆ. ಇಯ್ಯಾಲ ಈಡ ತಿಂಟುನ್ನ."

ಹೌದು ಮಗು, ಪಕ್ಕದ ಮನೆಯವನೇ, ಇವತ್ತು ಇಲ್ಲಿ ಉಣ್ಣುತ್ತಿದ್ದೇನೆ. ಅವನಿಗೆ ಅಂದು ಎಲ್ಲವೂ ಕೇಳಿಸಿತ್ತು. ಅವ್ವ ರೊಟ್ಟಿ ಹಿಡಿದು ಮುಂದೆ ಬಂದಳು. ಮುತ್ಯಾ ತಾಟಿನ ಮೇಲೆ ಕೈ ಅಡ್ಡ ಹಿಡಿದ. ಮಾತಾಡಿದ್ದಾಗಿತ್ತು, ಮತ್ತೆ ಬಡಿಸಿಕೊಳ್ಳುವಂತಿರಲಿಲ್ಲ. ಇದ್ದ ಅರ್ಧ ರೊಟ್ಟಿಯನ್ನು ಎಂದಿನ ನಿಧಾನದಲ್ಲೇ ತಿಂದ. ನೀರು ಹಾಕಿಕೊಳ್ಳುವಾಗ ಸ್ವಪ್ನ ನೋಡದಿರಲೆಂದು ಗೋಡೆಯ ಕಡೆ ತಿರುಗಿ ಕುಡಿದ. ಆಮೇಲೆ ಗೂಟದಲ್ಲಿದ್ದ ರುಮಾಲು ತೆಗೆದು ತಲೆಗೆ ಸುತ್ತಿಕೊಂಡು, ಬಂದ ನೆಂಟರು ಹೇಳುವ ಹಾಗೆ ಅವ್ವನಿಗೆ ಹೇಳಿದ.

"ಬರ್ತೀನವಾ. ಊಟ ಚಲೋ ಆತು."

ಚಪ್ಪಲಿ ಮೆಟ್ಟಿಕೊಂಡು ಮುಂದಿನ ಬಾಗಿಲಿನಿಂದ ಹೊರಗೆ ಹೋದ. ನಾನು ಸ್ವಪ್ನಳಿಗೆ ಮಗ್ಗ ತೋರಿಸಿದೆ. ಲಾಳಿ ಹೇಗೆ ಓಡುತ್ತದೆ, ಅಂಚಿನ ಬಣ್ಣ ಹೇಗೆ ಬದಲಾಗುತ್ತದೆ, ಏನೇನೋ ಹೇಳಿದೆ. ಅವ್ವ ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ತ್ವರೆಯಾಗಿ ಹೋಗು ಮಾರಾಯ್ತಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ಪಾಪ ಖುಷಿಯಾಗಿ ಒಂದು ತಾಸು ಕೂತಳು. ಅವಳನ್ನು ಓಣಿಯ ತುದಿಯವರೆಗೆ ಕಳಿಸಿ ತಿರುಗಿದಾಗ ಮುತ್ಯಾ ಕಂಡ. ಪಕ್ಕದ ಮನೆಯ ಕಟ್ಟೆಯ ಮೇಲೆ, ಬಿಸಿಲಲ್ಲಿ, ಚಪ್ಪಲಿ ಬಿಟ್ಟು, ಆ ಮನೆಯವನೇ ಎಂಬ ಹಾಗೆ ಗೋಡೆಗೆ ಒರಗಿ ಕೂತಿದ್ದ. ಸ್ವಪ್ನ ಹೋಗುವಾಗ ನಾವಿಬ್ಬರೂ ಅವನ ಮುಂದೆಯೇ ಹಾದುಹೋಗಿದ್ದೆವು, ನಾನು ತಲೆ ಎತ್ತಿರಲಿಲ್ಲ. ನಾನು ಹತ್ತಿರ ಹೋಗಿ ನಿಂತೆ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿತ್ತು.

"ಹೋದ್ಲೇನವಾ ನಿನ್ನ ಗೆಳತಿ?"

"ಹೂಂ."

"ಹಂಗಾರ ನಾ ಈಗ ಮನಿಗೆ ಬರ್ಲೇನು?"

ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚಬೇಕೆಂದು ಆಡಿದ ಮಾತೂ ಅಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ, ಅವನು ಕಟ್ಟಿದ ಮನೆಗೆ ಬರಲು ಹನ್ನೆರಡು ವರ್ಷದ ನನ್ನನ್ನು. ಬಾ ಎನ್ನಬೇಕಿತ್ತು. ಅಳತೊಡಗಿದೆ. ನಾನು ಬಾ ಅನ್ನುವವರೆಗೂ ಮುತ್ಯಾ ಏಳದೆ, ತೊಡೆಯ ಮೇಲೆ ಕೈಯಿಟ್ಟು, ನನ್ನ ಮುಖವನ್ನೇ ನೋಡುತ್ತ ಕೂತಿದ್ದ.